ನ್ಯಾಕ್ ಫೈಲು ಹೊತ್ತ ಅನುಭವಕ್ಕೂ ಲೆಕ್ಕವಿದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿ ಉದ್ಯೋಗ ಸಲಹೆಗೆ ಬಂದವರು ಮಲೆನಾಡಿನ ಒಬ್ಬ ಉಪನ್ಯಾಸಕಿ, 34 ವರ್ಷ. ಬಯೋಕೆಮಿಸ್ಟ್ರಿ ಎಂ.ಎಸ್ಸಿ., ಪದವಿ ಕಾಲೇಜಿನಲ್ಲಿ ಆರು ವರ್ಷ ಪಾಠ. ಗಂಡ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇಂಗ್ಲೆಂಡಿಗೆ ಹೋದಾಗ ಇವರೂ ಹೋದರು. ಎಂಟು ತಿಂಗಳಲ್ಲಿ ವಿಶ್ವವಿದ್ಯಾಲಯಗಳಿಗೆ ಹಾಕಿದ ಅರ್ಜಿ 47, ಬಂದ ಸಂದರ್ಶನ ಒಂದೂ ಇಲ್ಲ. 'ನಮ್ಮ ಡಿಗ್ರಿಗೆ ಇಲ್ಲಿ ಬೆಲೆಯೇ ಇಲ್ಲ ಮೇಡಂ' ಎನ್ನುವ ತೀರ್ಮಾನಕ್ಕೆ ಬಂದಿದ್ದರು.

ಅರ್ಜಿಗಳನ್ನು ತೆರೆದು ನೋಡಿದರೆ ಡಿಗ್ರಿ ತಪ್ಪು ಮಾಡಿರಲಿಲ್ಲ. 'ನಿಮಗೆ ವೀಸಾ ಸ್ಪಾನ್ಸರ್‌ಶಿಪ್ ಬೇಕೇ?' (ಅಂದರೆ ಕೆಲಸ ಕೊಡುವವರೇ ವೀಸಾಕ್ಕೆ ಪ್ರಾಯೋಜಕರಾಗಬೇಕೇ) ಎಂಬ ಪ್ರಶ್ನೆಗೆ ಪ್ರತಿ ಸಲ 'ಹೌದು' ಎಂದಿದ್ದರು. ಅವಲಂಬಿತ ಸಂಗಾತಿಯ ವೀಸಾದಲ್ಲಿ ಇರುವವರಿಗೆ ಕೆಲಸ ಮಾಡುವ ಹಕ್ಕು ಆಗಲೇ ಇರುತ್ತದೆ, ಸ್ಪಾನ್ಸರ್ ಬೇಕಿಲ್ಲ. ಇ-ವೀಸಾ ಖಾತೆಯಿಂದ ಶೇರ್ ಕೋಡ್ (ಕೆಲಸದ ಹಕ್ಕನ್ನು ಉದ್ಯೋಗದಾತರು ಆನ್‌ಲೈನಿನಲ್ಲಿ ಪರಿಶೀಲಿಸುವ ಸಂಕೇತ) ತೆಗೆದು ಕೊಟ್ಟರೆ ಆಯಿತು, ಅದು 90 ದಿನ ನಡೆಯುತ್ತದೆ. ಕೆಳಗಿನ ಗ್ರೇಡಿನ ಕಚೇರಿ ಹುದ್ದೆಗಳಿಗೆ ಸ್ಪಾನ್ಸರ್ ಮಾಡಲು ನಿಯಮವೇ ಸಾಮಾನ್ಯವಾಗಿ ಬಿಡುವುದಿಲ್ಲ. ಆ ಒಂದು 'ಹೌದು' ಎಷ್ಟು ಬಾಗಿಲು ಮುಚ್ಚಿತೋ!

ಇನ್ನೊಂದು, 20ಕ್ಕೂ ಹೆಚ್ಚು ಅರ್ಜಿ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ. ಅದಕ್ಕೆ ಬಹುತೇಕ ಪಿಎಚ್.ಡಿ. ಬೇಕು. ಇವರ ಜಾಗ ರಿಸರ್ಚ್ ಅಸಿಸ್ಟೆಂಟ್ ಅಥವಾ ಲ್ಯಾಬ್ ಟೆಕ್ನಿಷಿಯನ್. ಗ್ರೇಡ್ ಸಂಖ್ಯೆ ನಂಬಬೇಡಿ, ಅದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ರೀತಿ. ಸಂಬಳ ನೋಡಿ ಹೋಲಿಸಿ ಎಂದೆವು.

ಮಾತು ಹೆಚ್ಚು ನಿಂತದ್ದು ಬೇರೆಡೆ. ಕಾಲೇಜಿನಲ್ಲಿ ಪಾಠ ಬಿಟ್ಟು ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ರಾಷ್ಟ್ರೀಯ ಮಂಡಳಿ) ಬಂದಾಗ ಎರಡನೇ ಕ್ರೈಟೀರಿಯನ್, ಅಂದರೆ ಬೋಧನೆ-ಕಲಿಕೆ-ಮೌಲ್ಯಮಾಪನದ ಭಾಗ, ಇವರ ತಲೆಗೆ ಬಿದ್ದಿದ್ದು ಹೊರಬಂತು. 14 ವಿಭಾಗಗಳ ಬೆನ್ನು ಹತ್ತಿ ಐದು ವರ್ಷದ ಫಲಿತಾಂಶ, ಹಾಜರಾತಿ ಕಲೆಹಾಕಿದ್ದರು. ಪ್ರವೇಶಾತಿ ಸಮಿತಿ, ಪರೀಕ್ಷಾ ಸಮಿತಿ ಬೇರೆ. 'ಅದೆಲ್ಲ ಪ್ರಿನ್ಸಿಪಾಲರು ಹೇರಿದ ಕೆಲಸ, ಅನುಭವ ಅಂತ ಹ್ಯಾಗೆ ಬರೀಲಿ?'

ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಪ್ರೊಫೆಷನಲ್ ಸರ್ವೀಸಸ್ (ಬೋಧಕೇತರ ಆಡಳಿತ ಕೆಲಸ) ಎಂದು ಸಂಬಳ ಕೊಟ್ಟು ಮಾಡಿಸುವುದು ಬಹುಮಟ್ಟಿಗೆ ಇದನ್ನೇ: ಕ್ವಾಲಿಟಿ ಅಶ್ಯೂರೆನ್ಸ್, ಅಡ್ಮಿಷನ್ಸ್, ಎಕ್ಸಾಮ್ಸ್ ಆಫೀಸು. ನ್ಯಾಕ್ ಎಂದರೆ ಅಲ್ಲಿಯವರಿಗೆ ಗೊತ್ತಿರುವುದಿಲ್ಲ, ಒಂದು ಸಾಲಿನಲ್ಲಿ ಬಿಡಿಸಿ ಹೇಳಬೇಕು, ಅಷ್ಟೇ.

ಬರೆಯುವ ಕ್ರಮವನ್ನೂ ಬದಲಿಸಿದೆವು. ಪರ್ಸನ್ ಸ್ಪೆಸಿಫಿಕೇಶನ್‌ನ (ಹುದ್ದೆಗೆ ಬೇಕಾದ ಅರ್ಹತೆಗಳ ಪಟ್ಟಿ) 'ಎಸೆನ್ಶಿಯಲ್', ಅಂದರೆ ಇರಲೇಬೇಕಾದ ಅಂಶಗಳನ್ನೇ ಉಪಶೀರ್ಷಿಕೆ ಮಾಡಿ, ಒಂದೊಂದರ ಕೆಳಗೆ ಸುಮಾರು 100 ಪದ: ಸಂದರ್ಭ, ತಾನು ಮಾಡಿದ್ದು, ಆದದ್ದು. ಆಯ್ಕೆ ಸಮಿತಿ ಅಂಶವಾರು ಅಂಕ ಹಾಕುತ್ತದೆ. ಎಸೆನ್ಶಿಯಲ್ ಒಂದಕ್ಕೆ ಪುರಾವೆ ಇಲ್ಲದಿದ್ದರೂ ಅರ್ಜಿ ಬದಿಗೆ. ಇವರು 47 ಕಡೆಗೂ ಕಳಿಸಿದ್ದು ಒಂದೇ ಪತ್ರ. ಅದರಲ್ಲಿ ಎಲ್ಲೆಲ್ಲೂ 'ನಾವು', 'ನಮ್ಮ ವಿಭಾಗ'. ನಮ್ಮ ವಿನಯ ಅಲ್ಲಿ ಸೊನ್ನೆ ಅಂಕ.

ವಾರಕ್ಕೆ ಎರಡೇ ಅರ್ಜಿ ಸಾಕು. ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ತಾಣದಲ್ಲಿ ಅಲರ್ಟ್ ಇಡಿ. ಸಾಕಷ್ಟು ಅರ್ಜಿ ಬಂದರೆ ಗಡುವಿಗೆ ಮೊದಲೇ ಮುಚ್ಚುವುದುಂಟು, ಕೊನೇ ದಿನ ಕಾಯಬೇಡಿ. ಜಾಹೀರಾತಿನಲ್ಲಿ ವಿಚಾರಣೆಗೆಂದು ಹೆಸರು ಕೊಟ್ಟಿದ್ದರೆ ಕೆಲಸದ ಬಗ್ಗೆ ಎರಡು ಪ್ರಶ್ನೆ ಕೇಳಿ ಮೇಲ್ ಹಾಕಿ; ಅದು ಶಿಫಾರಸು ಕೇಳಿದಂತಲ್ಲ. ವಿಶ್ವವಿದ್ಯಾಲಯದ ತಾತ್ಕಾಲಿಕ ಸಿಬ್ಬಂದಿ ಪಟ್ಟಿಗೂ ಹೆಸರು ಕೊಡಿ, ಎಷ್ಟೋ ಹುದ್ದೆ ಮೊದಲು ಒಳಗಿನವರಿಗೇ ಕಾಣುವುದು.

ಎರಡನೇ ಭೇಟಿಗೆ ತಂದ ಕರಡಿನಲ್ಲಿ 'ತಂಡದ ಜೊತೆ ಚೆನ್ನಾಗಿ ಕೆಲಸ ಮಾಡಬಲ್ಲೆ' ಎಂದಿತ್ತು. ಅದನ್ನು ಹೊಡೆದು, ಅಂಕಿಅಂಶ ಕೊಡದೆ ಸತಾಯಿಸಿದ ವಿಭಾಗದಿಂದ ಹೇಗೆ ಪಡೆದಿರಿ ಎಂಬುದನ್ನು ಬರೆದು ತರಲು ಹೇಳಿ ಕಳಿಸಿದೆವು.