ಪ್ರತಿ: ಅಮ್ಮನಿಗೆ ದಮ್ಮು, ಎಚ್‌ಎಸ್‌ಪಿ-70 ಜಾಸ್ತಿ ಬಂದಿದೆ, ಮತ್ತೆ ಟೆಸ್ಟ್ ಮಾಡಿಸಬೇಕಾ?

ಶಿಡ್ಲಘಟ್ಟದ ಫಿಲೇಚರ್‌ನಲ್ಲಿ (ರೇಷ್ಮೆ ನೂಲು ತೆಗೆಯೋ ಘಟಕ) ಅಮ್ಮ ವರ್ಷಗಟ್ಟಲೆ ಕುಡಿದ ಒಲೆ ಹೊಗೆನೇ ಕಾರಣ ಇರ್ಬೇಕು, ಹೊಗೆ ತಾಗಿ ಜೀವಕೋಶದ ಪ್ರೋಟೀನುಗಳು ಕೆಡೋಕೆ ಶುರುವಾದ್ರೆ ಅವನ್ನ ರಿಪೇರಿ ಮಾಡೋಕೆ ಎಚ್‌ಎಸ್‌ಪಿ-70 ಅನ್ನೋ ಈ ಪ್ರೋಟೀನು ಹುಟ್ಟತ್ತೆ, ಆದ್ರೆ ಕೋಶ ಒಡೆದು ಹೊರಗೆ ಬಂತು ಅಂದ್ರೆ ಅದೇ ಉರಿಯೂತಕ್ಕೆ ಕುಮ್ಮಕ್ಕು ಕೊಡತ್ತೆ. ಗ್ಯಾರಂಟಿ ಹೇಳಕ್ಕಾಗಲ್ಲ, ಸೋಂಕಿದ್ರೂ ಏರತ್ತೆ. ಆ ನಂಬರ್ ನೋಡಿ ಔಷಧಿ ಬದಲಾಯಿಸೋದಿಲ್ಲ, ಮತ್ತೆ ದುಡ್ಡು ಸುರೀಬೇಡಿ.

ಮೊದ್ಲು ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯೋ ಟೆಸ್ಟ್) ಮಾಡ್ಸಿ, ಶ್ವಾಸನಾಳ ಅಗಲಿಸೋ ಇನ್ಹೇಲರ್ ಪಫ್ ಕೊಟ್ಟಮೇಲೂ ಎಫ್‌ಇವಿ1/ಎಫ್‌ವಿಸಿ (ಒಟ್ಟು ಊದಿದ ಗಾಳೀಲಿ ಮೊದಲ ಸೆಕೆಂಡಲ್ಲೇ ಹೊರಬಂದ ಪಾಲು) 0.70ಕ್ಕಿಂತ ಕಮ್ಮಿ ಇದ್ರೆ ಹೆಚ್ಚುಕಮ್ಮಿ ಸಿಒಪಿಡಿನೇ (ಶ್ವಾಸನಾಳ ಕಿರಿದಾಗಿ ಉಳಿಯೋ ದೀರ್ಘಕಾಲದ ಕಾಯಿಲೆ). ಆಮೇಲೆ ರಕ್ತದಲ್ಲಿ ಇಯೋಸಿನೋಫಿಲ್ (ಒಂದು ಬಗೆ ಬಿಳಿ ರಕ್ತಕಣ) ನೋಡ್ಸಿ, ಮೈಕ್ರೋಲೀಟರ್‌ಗೆ 300 ದಾಟಿದ್ರೆ ಸ್ಟೀರಾಯ್ಡ್ ಇರೋ ಇನ್ಹೇಲರ್ ಹಿಡಿಸೋ ಚಾನ್ಸ್ ಜಾಸ್ತಿ, ಡಾಕ್ಟರ್‌ನ ಕೇಳಿ. ಪಫ್‌ನ ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸೋ ಕೊಳವೆ) ಹಾಕ್ಕೊಂಡೇ ನಿಧಾನಕ್ಕೆ ಎಳೀಲಿ, ಸುಮಾರು 10 ಸೆಕೆಂಡ್ ಉಸಿರು ಹಿಡೀಲಿ, ಸ್ಟೀರಾಯ್ಡ್ ಆದ್ರೆ ಬಾಯಿ ಮುಕ್ಕಳಿಸಿ ಉಗೀಲಿ. ಫಿಲೇಚರ್ ಕಡೆ ಮಾತ್ರ ಕಳಿಸ್ಬೇಡಿ. ತುಟಿ ನೀಲಿಯಾದ್ರೆ ಇದೆಲ್ಲ ಬಿಟ್ಟು ಸೀದಾ ಆಸ್ಪತ್ರೆಗೆ.