ಮೈಸೂರಲ್ಲಿ ಮಳೆ ಹಿಡಿದರೆ ಎಲ್ಲಿಗೆ ಹೋಗೋದು?

ಓದುಗರ ಪ್ರಶ್ನೆ, ಪ್ರವಾಸಿ ಮಾರ್ಗದರ್ಶಿಯ ಉತ್ತರ

ಪ್ರಶ್ನೆ: ಸರ್, ಜುಲೈ ತಿಂಗಳಲ್ಲಿ ಎರಡು ದಿನಕ್ಕೆ ಮೈಸೂರಿಗೆ ಬರುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಹನ್ನೆರಡು ಮತ್ತು ಎಂಟು ವರ್ಷದ ಮಕ್ಕಳು, ಜೊತೆಗೆ ಅತ್ತೆ. ಅತ್ತೆಗೆ ಮಂಡಿನೋವು. ಮಳೆ ಬಂದರೆ ಝೂ, ಬೃಂದಾವನ, ಬೆಟ್ಟ ಎಲ್ಲಾ ಹೋಯ್ತು ಅಂತ ಮಕ್ಕಳು ಈಗಲೇ ಮುಖ ಊದಿಸಿಕೊಂಡಿದ್ದಾರೆ. ನೆನೆಯದೆ ನೋಡುವಂಥದ್ದು ಏನಿದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಮಳೆಯ ವಿಷಯ ಹೇಳಿಬಿಡುತ್ತೇನೆ. ಜುಲೈನಲ್ಲಿ ಮೈಸೂರಿನ ಮಳೆ ಕೊಡಗಿನ ಮಳೆಯಲ್ಲ. ಜಿಟಿಜಿಟಿ ಹನಿಯುತ್ತದೆ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಧೋ ಅಂತ ಸುರಿಯುವುದು ಮೇ ತಿಂಗಳಲ್ಲಿ ಮತ್ತು ದಸರಾ ಆಸುಪಾಸಿನಲ್ಲಿ. ಅದೂ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ. ಆದ್ದರಿಂದ ಝೂ ಆಸೆ ಪೂರ್ತಿ ಬಿಡಬೇಡಿ. ಬೆಳಗ್ಗೆ ಎದ್ದಾಗ ಮೋಡ ಸರಿದಿದ್ದರೆ ಮೊದಲು ಅಲ್ಲಿಗೇ ಹೋಗಿ. ಮಂಗಳವಾರ ಝೂಗೆ ರಜೆ, ಅದೊಂದು ನೆನಪಿರಲಿ.

ಮೋಡ ಸರಿಯದಿದ್ದರೆ? ಜನ ಮಾಡುವ ತಪ್ಪು ಏನೆಂದರೆ ಸೂರು ಇರುವ ಜಾಗಗಳ ಪಟ್ಟಿ ಮಾಡಿಕೊಂಡು ಒಂದರಿಂದ ಒಂದಕ್ಕೆ ಓಡುವುದು. ನೆನೆಯುವುದು ಆ ಓಡಾಟದಲ್ಲೇ. ಒಂದು ದಿನಕ್ಕೆ ಎರಡು ಜಾಗ ಸಾಕು, ಅವೂ ಹತ್ತಿರ ಹತ್ತಿರ ಇರಲಿ. ನಿಮಗೆ ನಾನು ಹೇಳುವುದು ಅರಮನೆ ಮತ್ತು ಜಗನ್ಮೋಹನ ಅರಮನೆ.

ಅರಮನೆ ಎಲ್ಲರೂ ನೋಡುವುದೇ, ಅದರಲ್ಲೇನು ಅಂತೀರಾ? ನೋಡುವ ರೀತಿಯಲ್ಲಿದೆ. ಮಳೆ ಬಂತು ಅಂದರೆ ಊರಿಗೆ ಬಂದವರೆಲ್ಲ ಅಲ್ಲಿಗೇ ನುಗ್ಗುತ್ತಾರೆ. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ, ಆಗಲೇ ಒಳಗೆ ಹೋಗಿಬಿಡಿ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ನಡೆಯಬೇಕು. ಒದ್ದೆಯಾದ ಕಲ್ಲು ಜಾರುತ್ತದೆ, ಅತ್ತೆಯವರ ಕೈ ಯಾರಾದರೂ ಹಿಡಿದಿರಲಿ. ಕಾಲು ಒರೆಸಲು ಒಂದು ಸಣ್ಣ ಟವೆಲ್ ಚೀಲದಲ್ಲಿರಲಿ. ಕಾಲುಚೀಲ ಹಾಕಿಕೊಂಡು ಒಳಗೆ ಹೋಗಬೇಡಿ, ನುಣುಪು ನೆಲದ ಮೇಲೆ ಅದು ಇನ್ನೂ ಜಾಸ್ತಿ ಜಾರುತ್ತದೆ.

ಒಳಗೆ ಕಲ್ಯಾಣ ಮಂಟಪಕ್ಕೆ ಬಂದಾಗ ನಿಲ್ಲಿ. ಎಲ್ಲರೂ ಕತ್ತೆತ್ತಿ ನವಿಲಿನ ಚಿತ್ರದ ಗಾಜಿನ ಚಾವಣಿ ನೋಡಿ ಮುಂದೆ ಹೋಗುತ್ತಾರೆ. ಚೆನ್ನಾಗಿದೆ, ನೋಡಿ. ಅದನ್ನು ಹೊತ್ತಿರುವ ಎರಕದ ಕಬ್ಬಿಣದ ಕಂಬಗಳನ್ನೂ ಮಕ್ಕಳಿಗೆ ತೋರಿಸಿ. ಅವು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ. ಅಷ್ಟು ದೂರದಿಂದ ಕಬ್ಬಿಣ ಯಾಕೆ ಬಂತು? ಇಲ್ಲಿದ್ದ ಹಳೆಯ ಅರಮನೆ ಮರದ್ದು. 1897ರಲ್ಲಿ, ರಾಜಕುಮಾರಿಯ ಮದುವೆಯ ಸಮಯದಲ್ಲೇ, ಬೆಂಕಿಗೆ ಸಿಕ್ಕಿತು. ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಹೊಸದನ್ನು ಕಟ್ಟುವಾಗ ಕಲ್ಲು, ಇಟ್ಟಿಗೆ, ಕಬ್ಬಿಣ ಬಳಸಿದರು. 1912ರಲ್ಲಿ ಅದು ಮುಗಿಯಿತು.

ಈಗ ಗೋಡೆಗಳ ಕಡೆ ತಿರುಗಿ. ನನ್ನ ಕಣ್ಣಿಗೆ ಇಡೀ ಅರಮನೆಯಲ್ಲಿ ಇದೇ ಒಳ್ಳೆಯ ಜಾಗ. ದಸರಾ ಜಂಬೂಸವಾರಿಯನ್ನು 26 ಚಿತ್ರಗಳಲ್ಲಿ ಬರೆದಿದ್ದಾರೆ. ಕಲಾವಿದರು ಕಲ್ಪಿಸಿಕೊಂಡು ಬರೆದದ್ದಲ್ಲ, ಮೆರವಣಿಗೆಯ ಫೋಟೋಗಳನ್ನು ಇಟ್ಟುಕೊಂಡು ಬರೆದದ್ದು. ಹಾಗಾಗಿ ಅಲ್ಲಿರುವ ಮುಖಗಳು ನಿಜವಾದ ಜನರ ಮುಖಗಳು. ಮಕ್ಕಳಿಗೆ ಒಂದು ಆಟ ಕೊಡಿ: ಆನೆ ಎಷ್ಟು ಎಣಿಸು, ಪೇಟ ಹಾಕದವರು ಯಾರಿದ್ದಾರೆ ಹುಡುಕು, ಮೆರವಣಿಗೆ ಬಿಟ್ಟು ಬೇರೆಲ್ಲೋ ನೋಡುತ್ತಿರುವವರನ್ನು ಹಿಡಿ. ಮುಖ ಊದಿಸಿಕೊಂಡ ಎಂಟು ವರ್ಷದವರೂ ಇದರಲ್ಲಿ ಅರ್ಧ ಗಂಟೆ ಕಳೆಯುತ್ತಾರೆ. ಆಮೇಲೆ ಅಂಬಾರಿಯ ಮುಂದೆ ನಿಲ್ಲಿಸಿ, ಇದರ ತೂಕ ಸುಮಾರು 750 ಕಿಲೋ, ಆನೆ ಇದನ್ನು ಹೊತ್ತು ಊರಲ್ಲಿ ನಡೆಯುತ್ತೆ ಅನ್ನಿ. ಆ ಗೋಡೆಯ ಆನೆಗಳು ಅವರಿಗೆ ಬೇರೆಯಾಗಿ ಕಾಣುತ್ತವೆ.

ಮಧ್ಯಾಹ್ನ ಊಟ ಮಾಡಿ ಜಗನ್ಮೋಹನಕ್ಕೆ ಹೋಗಿ. ಆಟೋದಲ್ಲಿ ಐದು ನಿಮಿಷದ ದಾರಿ. ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು 1861ರಲ್ಲಿ ಕಟ್ಟಿಸಿದರು. ಹಳೆ ಅರಮನೆ ಸುಟ್ಟ ಮೇಲೆ ರಾಜಮನೆತನ ಇದ್ದದ್ದು ಇಲ್ಲೇ. ಬೆಳಗ್ಗೆ ಬೆಂಕಿಯ ಕಥೆ ಕೇಳಿದ ಮಕ್ಕಳಿಗೆ ಮುಂದಿನ ಭಾಗ ಇಲ್ಲಿ ಸಿಗುತ್ತದೆ. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡ ಸಮಾರಂಭವೂ ಇಲ್ಲೇ ನಡೆಯಿತು. ಈಗ ಇದು ಚಿತ್ರಶಾಲೆ. ರವಿವರ್ಮನ ಚಿತ್ರಗಳಿವೆ. ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಕತ್ತಲೆ ಮಾಡಿದ ಕೋಣೆಯಲ್ಲಿ ಇಟ್ಟಿದ್ದಾರೆ. ಅದನ್ನೂ ರವಿವರ್ಮನದ್ದು ಅಂತ ಎಷ್ಟೋ ಜನ ಹೇಳುತ್ತಾರೆ. ಅಲ್ಲ, ಅದು ಎಸ್.ಎಲ್. ಹಳದಣಕರ್ ಅವರದ್ದು, ಜಲವರ್ಣದಲ್ಲಿ ಬರೆದದ್ದು. ದೀಪ ಹಿಡಿದು ನಿಂತವರು ಅವರ ಮಗಳೇ. ಹೊರಗೆ ಮೋಡ ಕವಿದ ದಿನ ಕಣ್ಣು ಮೊದಲೇ ಮಂದ ಬೆಳಕಿಗೆ ಒಗ್ಗಿರುತ್ತದೆ, ಆ ದೀಪದ ಬೆಳಕು ಮುಖದ ಮೇಲೆ ಹೇಗೆ ಬಿದ್ದಿದೆ ಅನ್ನುವುದು ಚೆನ್ನಾಗಿ ಸಿಗುತ್ತದೆ. ಇಲ್ಲಿ ಮೆಟ್ಟಿಲು ಹತ್ತಬೇಕು. ಅತ್ತೆಯವರಿಗೆ ಆಗದಿದ್ದರೆ ಕೆಳಗೆ ಒಂದು ಕಡೆ ಕೂರಿಸಿ, ನೀವಿಬ್ಬರೂ ಸರದಿಯಂತೆ ಮಕ್ಕಳನ್ನು ಕರೆದೊಯ್ಯಿರಿ. ಹೊರಡುವ ಮೊದಲು ಫೋನ್ ಮಾಡಿ ತೆರೆದಿದೆಯಾ ಕೇಳುವುದು ಒಳ್ಳೆಯದು.

ಎರಡನೇ ದಿನಕ್ಕೆ ಕಾರಂಜಿ ಕೆರೆ ದಂಡೆಯ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ. ಸೋಮವಾರ ರಜೆ. ಪ್ರಾಣಿ, ಗಿಡ, ಕಾಡಿನ ಮಾದರಿಗಳಿವೆ. ಮಳೆ ನಿಂತರೆ ಪಕ್ಕದಲ್ಲೇ ಕೆರೆ, ಝೂ ಕೂಡ ದೂರವಿಲ್ಲ. ಅದಕ್ಕೇ ಈ ಜಾಗ ಹೇಳಿದೆ.

ಎರಡು ಕಡೆ ಸೂರು ಇದೆ ಅಂತ ನಂಬಿ ಹೋಗಬೇಡಿ. ರೈಲು ಮ್ಯೂಸಿಯಂನಲ್ಲಿ ಹೆಚ್ಚಿನ ಗಾಡಿಗಳು ಬಯಲಲ್ಲೇ ನಿಂತಿವೆ. ದೇವರಾಜ ಮಾರುಕಟ್ಟೆ ನನಗೆ ಬಹಳ ಇಷ್ಟ, ಆದರೆ ಮಳೆಯಲ್ಲಿ ಅದರ ಓಣಿಗಳು ಕೆಸರು, ಮಂಡಿನೋವಿನವರಿಗೆ ಬೇಡ. ಇನ್ನೊಂದು ಮಾತು. ‘ಮಳೆ ಅಲ್ವಾ, ಮಾರ್ಕೆಟ್ ಇವತ್ತು ಬಂದ್, ಬನ್ನಿ ಊದುಬತ್ತಿ ಮಾಡೋದು ತೋರಿಸ್ತೀನಿ’ ಅಂತ ಯಾರಾದರೂ ಕರೆದರೆ ಸುಮ್ನೆ ನಕ್ಕು ಮುಂದೆ ನಡೆಯಿರಿ. ಅದು ಕಮಿಷನ್ ವ್ಯವಹಾರ.

ಪ್ರಶ್ನೆ: ಮಳೆ ದಿನ ರೇಷ್ಮೆ ಕಾರ್ಖಾನೆ ನೋಡಬಹುದು ಅಂತ ಗೆಳತಿ ಹೇಳಿದಳು. ನೋಡಿದ ಮೇಲೆ ಸೀರೆ ಕೊಳ್ಳಲೇಬೇಕಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊಳ್ಳಲೇಬೇಕು ಅಂತೇನಿಲ್ಲ. ಆದರೆ ನೋಡಿದ ಮೇಲೆ ಕೊಳ್ಳದೆ ಬರುವುದು ಕಷ್ಟ, ಅದಂತೂ ನಿಜ!

ಮಾನಂದವಾಡಿ ರಸ್ತೆಯಲ್ಲಿದೆ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದ್ದು. ಗೂಡಿನಿಂದ ನೂಲು ತೆಗೆಯುವ ಕೆಲಸ ತಿ. ನರಸೀಪುರದಲ್ಲಿ ಆಗುತ್ತದೆ. ಇಲ್ಲಿ ನೀವು ನೋಡುವುದು ನೂಲು ಹುರಿ ಮಾಡುವುದು, ಬಣ್ಣ, ನೇಯ್ಗೆ. ಮಗ್ಗಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ, ತೀರಾ ಸಣ್ಣ ಮಕ್ಕಳು ಹೆದರಬಹುದು. ಫೋಟೋ ತೆಗೆಯಲು ಬಿಡುವುದಿಲ್ಲ. ಭಾನುವಾರ ಹೋಗಬೇಡಿ.

ಸೀರೆ ಕೊಳ್ಳುವುದಾದರೆ ಕಾರ್ಖಾನೆಯದೇ ಮಳಿಗೆಯಲ್ಲಿ ಕೊಳ್ಳಿ. ಜರಿಯಲ್ಲಿ ಬೆಳ್ಳಿ, ಬಂಗಾರ ಇರುತ್ತದೆ, ಪ್ರತಿ ಸೀರೆಗೂ ಅದರದೇ ಸಂಖ್ಯೆ ಇರುತ್ತದೆ. ‘ಮೈಸೂರು ಸಿಲ್ಕ್’ ಅಂತ ಬೋರ್ಡ್ ಹಾಕಿದ ಅಂಗಡಿ ಊರ ತುಂಬಾ ಇವೆ. ಅಲ್ಲಿ ಕೇಳಬೇಕಾದ್ದು ಆ ಸಂಖ್ಯೆಯನ್ನೇ.

ಪ್ರಶ್ನೆ: ನಾವಿಬ್ಬರೇ, ಹೊಸದಾಗಿ ಮದುವೆಯಾದವರು. ಸಂಜೆ ಆರರ ಮೇಲೆ ಮಳೆ ಬಂದರೆ ಹೋಟೆಲ್ ರೂಮಲ್ಲಿ ಟಿವಿ ನೋಡುವುದೇ ಗತಿಯಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಾಟಕ ನೋಡಿ! ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಕಲಾಮಂದಿರದ ಆವರಣದಲ್ಲಿದೆ. ವಾರಾಂತ್ಯದಲ್ಲಿ ಹೆಚ್ಚಾಗಿ ಅಲ್ಲಿ ಏನಾದರೂ ನಾಟಕ ಇರುತ್ತದೆ. ಯಾವ ರಂಗಮಂದಿರ ಅಂತ ಮಾತ್ರ ಕೇಳಿಕೊಳ್ಳಿ. ಭೂಮಿಗೀತ ಆದರೆ ಸೂರಿನ ಕೆಳಗೆ, ವನರಂಗ ಆದರೆ ಆಕಾಶದ ಕೆಳಗೆ. ಭೂಮಿಗೀತ ಸಣ್ಣದು, ನಟರ ಉಸಿರೂ ಕೇಳಿಸುತ್ತದೆ. ಸಂಗೀತ ಇಷ್ಟವಾದರೆ ಬೆಳಗಿನ ಪತ್ರಿಕೆಯಲ್ಲಿ ‘ನಗರದಲ್ಲಿ ಇಂದು’ ನೋಡಿ. ಯಾವುದಾದರೂ ಸಭೆಯಲ್ಲಿ ಕಛೇರಿ ಇರುತ್ತದೆ, ಎಷ್ಟೋ ಸಲ ಟಿಕೆಟ್ಟೂ ಇರುವುದಿಲ್ಲ.

ತಿನ್ನುವುದಕ್ಕೆ ನಜರಬಾದಿನ ಮೈಲಾರಿ ದೋಸೆ. ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ. ಗರಿಗರಿ ದೋಸೆ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ, ಮೊದಲೇ ಹೇಳಿರುತ್ತೇನೆ. ಮಧ್ಯೆ ಬಾಗಿಲು ಹಾಕುವ ಹೊತ್ತೂ ಇರುತ್ತದೆ, ವಿಚಾರಿಸಿಕೊಂಡು ಹೋಗಿ.

ಪ್ರಶ್ನೆ: ಬೆಂಗಳೂರಿನಿಂದ ಕಾರಲ್ಲಿ ಬರುತ್ತೇವೆ. ದಾರಿಯಲ್ಲಿ ಶ್ರೀರಂಗಪಟ್ಟಣ ನೋಡಬೇಕು ಅಂತ ಅಪ್ಪನ ಆಸೆ. ಮಳೆಯಲ್ಲಿ ಬಿಟ್ಟುಬಿಡೋದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬಿಡಬೇಡಿ, ಕೋಟೆ ಸುತ್ತುವುದನ್ನು ಮಾತ್ರ ಬಿಡಿ. ದರಿಯಾ ದೌಲತ್ ನೋಡಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ, ತೇಗದ ಮರದ್ದು. ಗೇಟಿನಿಂದ ಅಲ್ಲಿವರೆಗೆ ತೋಟದ ಮಧ್ಯೆ ನಡೆಯಬೇಕು, ಕೊಡೆ ಇರಲಿ. ಹೊರಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ, ಜಗಲಿಯ ಸೂರಿನ ಕೆಳಗೆ. ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ ಯುದ್ಧ ಅದು. ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಹುಡುಕಿ. ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೇಲಿಯನ್ನೂ ಹುಡುಕಿ, ಬೆರಳು ಕಚ್ಚಿಕೊಂಡಿದ್ದಾನೆ. ಮಳೆ ದಿನ ಅಲ್ಲಿ ಬೆಳಕು ಕಮ್ಮಿ, ಮಧ್ಯಾಹ್ನದ ಒಳಗೆ ಹೋದರೆ ಒಳ್ಳೆಯದು.

ಅಪ್ಪನಿಗೆ ಕಾರು ಇಷ್ಟವಾದರೆ ಹೆದ್ದಾರಿ ಪಕ್ಕದಲ್ಲೇ ‘ಪಯಣ’ ಹಳೆ ಕಾರುಗಳ ವಸ್ತುಸಂಗ್ರಹಾಲಯವಿದೆ, ಶ್ರೀರಂಗಪಟ್ಟಣ ದಾಟಿದ ಮೇಲೆ. ಧರ್ಮಸ್ಥಳದವರು ಸಂಗ್ರಹಿಸಿದ್ದು, 2023ರಲ್ಲಿ ತೆರೆದರು. ಪೂರ್ತಿ ಸೂರಿನೊಳಗೆ, ಮಳೆ ಎಷ್ಟಾದರೂ ಬರಲಿ. ಆದರೆ ರಂಗನತಿಟ್ಟಿಗೆ ಕಾರು ತಿರುಗಿಸುವ ಮೊದಲು ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದಾರಾ ವಿಚಾರಿಸಿ. ಹೊಳೆಯಲ್ಲಿ ನೀರು ಜಾಸ್ತಿ ಇದ್ದರೆ ದೋಣಿ ನಿಲ್ಲಿಸಿರುತ್ತಾರೆ.