ಅಜ್ಜನ ತಟ್ಟೆಗೆ ಸ್ಪಿರಿಟ್ ಬೇಡ

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಹದಿನೈದು ಹಳೇ ರೆಕಾರ್ಡು ಸಿಕ್ಕಿವೆ, ಎಲ್ಲವೂ ನಿಮಿಷಕ್ಕೆ 78 ಸುತ್ತು ತಿರುಗುವ 78ರವು. ಹೊಸ ಪ್ಲೇಯರ್‌ಗೆ ಹಾಕಿದರೆ ಬರೀ ಕರಕರ. ಸ್ಪಿರಿಟ್ ಹಚ್ಚಿ ಒರೆಸಲೇ? ಇನ್ನಷ್ಟು ಕೊಳ್ಳುವ ಆಸೆಯೂ ಇದೆ.
– ಓದುಗರು, ಶಿವಮೊಗ್ಗ

ಉತ್ತರ: ಬೇಡಿ, ಬೇಡಿ! ನಿಮ್ಮ ಕೈಲಿರುವುದು ವಿನೈಲ್ ಪ್ಲಾಸ್ಟಿಕ್ ಅಲ್ಲ, ಅರಗು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ ತಟ್ಟೆ. ದುರ್ಯೋಧನನ ಅರಗಿನ ಮನೆಗೆ ಬೆಂಕಿ ಹೇಗೋ, ಇದಕ್ಕೆ ಸ್ಪಿರಿಟ್ ಹಾಗೆ. ನಾನೇ ಒಮ್ಮೆ ನಾದಸ್ವರದ ತಟ್ಟೆಯೊಂದನ್ನು ಹೀಗೆ ತೊಳೆದು, ನಾದವನ್ನೂ ತೊಳೆದುಬಿಟ್ಟೆ. ತಣ್ಣೀರಿಗೆ ಒಂದೇ ಹನಿ ಸೋಪು, ಮೆತ್ತನೆ ಬಟ್ಟೆ ಸಾಕು. ಗೆರೆಯ ಜಾಡಿನಲ್ಲೇ ಒರೆಸಿ, ಲೇಬಲ್ ನೆನೆಯಬಾರದು.

ಕರಕರಕ್ಕೆ ಮುಳ್ಳೂ ಕಾರಣ. ಎಲ್‌ಪಿ, ಅಂದರೆ ಆಮೇಲೆ ಬಂದ ವಿನೈಲ್ ರೆಕಾರ್ಡಿನ ಮುಳ್ಳು ಸಣ್ಣದು, 78ರ ಗೆರೆ ಅಗಲ. ಅದು ತಳಕ್ಕಿಳಿದು ಕಸ ಕೆರೆಯುತ್ತದೆ. 78ಕ್ಕೆಂದೇ 3 ಮಿಲ್ (ಇಂಚಿನ ಸಾವಿರದ ಮೂರು ಪಾಲು) ಮುಳ್ಳು ಬರುತ್ತದೆ, ಕೇಳಿ ಹಾಕಿಸಿ. ನಿಮ್ಮ ಪ್ಲೇಯರ್‌ಗೆ 78ರ ವೇಗ ಇದೆಯೇ, ಅದನ್ನೂ ನೋಡಿಕೊಳ್ಳಿ. ಅಜ್ಜನ ಕೀಲಿ ಗ್ರಾಮಾಫೋನ್ ಇದ್ದರೆ ಅದರ ಮೇಲೆ ಎಲ್‌ಪಿ ಮಾತ್ರ ಇಡಬೇಡಿ, ಉಕ್ಕಿನ ಮುಳ್ಳು ಉತ್ತುಬಿಡುತ್ತದೆ.

ಕೊಳ್ಳುವಾಗ ಕವರ್ ಚಂದಕ್ಕೆ ಮರುಳಾಗಬೇಡಿ. ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಉಗುರಿಗೆ ತಡೆಯುವ ಗೀರು ಮುಳ್ಳಿಗೂ ತಡೆಯುತ್ತದೆ. ‘ತುಂಬಾ ಹಳೇದು ಸಾರ್’ ಎಂದು ವ್ಯಾಪಾರಿ ಬೆಲೆ ಏರಿಸಿದರೆ ನಕ್ಕುಬಿಡಿ, ಹಳೇದೆಲ್ಲ ಅಪರೂಪವಲ್ಲ.

ಅಂದಹಾಗೆ, ಆ ಹದಿನೈದನ್ನೂ ಒಂದರ ಮೇಲೊಂದು ಪೇರಿಸಿಟ್ಟಿದ್ದರೆ ಇವತ್ತೇ ಎಬ್ಬಿಸಿ ನಿಲ್ಲಿಸಿ.